ಮೊದಲ ಸೆಕೆಂಡಿನ ಉಸಿರು

ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಒಂದೇ ಉಸಿರನ್ನು ಗಾಳಿ ಮುಗಿಯುವವರೆಗೂ ಊದುತ್ತಲೇ ಇರಬೇಕು. ಕೆಲವರಿಂದ ಹದಿನೈದು ಸೆಕೆಂಡಿನವರೆಗೂ ಊದಿಸುವುದುಂಟು. ಆದರೂ ವೈದ್ಯರ ಕಣ್ಣು ಮೊದಲು ಹುಡುಕುವುದು ಮೊದಲ ಒಂದು ಸೆಕೆಂಡಿನ ಲೆಕ್ಕವನ್ನು. ಎದೆ ತುಂಬ ಗಾಳಿ ಎಳೆದುಕೊಂಡು, ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊರದಬ್ಬಿದಾಗ ಆ ಸೆಕೆಂಡಿನಲ್ಲಿ ಎಷ್ಟು ಲೀಟರ್ ಹೊರಬಂತು ಎಂಬುದಕ್ಕೆ ಎಫ್‌ಇವಿ1 ಎಂದು ಹೆಸರು. ಪೂರ್ತಿ ಊದಿ ಮುಗಿಸಿದಾಗ ಸಿಕ್ಕ ಒಟ್ಟು ಗಾಳಿ ಎಫ್‌ವಿಸಿ. ಆರೋಗ್ಯವಾಗಿರುವ ಶ್ವಾಸಕೋಶ ಈ ಒಟ್ಟು ಗಾಳಿಯ ಮುಕ್ಕಾಲು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಮೊದಲ ಸೆಕೆಂಡಿನಲ್ಲೇ ಹೊರಹಾಕಿರುತ್ತದೆ. ಗಾಳಿಯ ಕೊಳವೆಗಳು ಕಿರಿದಾಗಿದ್ದರೆ ಒಟ್ಟು ಗಾಳಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಹೊರಗೆ ಬರಲು ತಡಮಾಡುತ್ತದೆ. ಉಬ್ಬಸವನ್ನೂ, ಕೊಳವೆಗಳು ಕಾಯಂ ಕಿರಿದಾಗಿ ಉಳಿಯುವ ಸಿಓಪಿಡಿಯನ್ನೂ ಪತ್ತೆಹಚ್ಚುವ ಕೆಲಸ ಬಹುಮಟ್ಟಿಗೆ ನಿಂತಿರುವುದು ಈ ತಡದ ಮೇಲೆ.

ಏದುಸಿರು ಬರುತ್ತದೋ ಇಲ್ಲವೋ ಎಂದು ರೋಗಿಯನ್ನೇ ಕೇಳಿದರೆ ಸಾಲದೇ? ಸಾಲದು. ಉಸಿರು ನಿಧಾನವಾಗಿ ಕುಗ್ಗುತ್ತ ಬಂದವರು ಬದುಕನ್ನೂ ಅದಕ್ಕೆ ತಕ್ಕಂತೆ ಕುಗ್ಗಿಸಿಕೊಂಡಿರುತ್ತಾರೆ. ಮಹಡಿ ಹತ್ತುವುದನ್ನು ಬಿಡುತ್ತಾರೆ, ನೀರಿನ ಕೊಡವನ್ನು ಮಕ್ಕಳ ಕೈಗೆ ಕೊಡುತ್ತಾರೆ, ಮದುವೆ ಮನೆಗೆ ಹೋಗುವುದನ್ನು ತಪ್ಪಿಸಿಕೊಳ್ಳುತ್ತಾರೆ. ಕೇಳಿದರೆ "ವಯಸ್ಸಾಯ್ತಲ್ಲ" ಎನ್ನುತ್ತಾರೆ. ಸಮತಟ್ಟು ನೆಲದಲ್ಲಿ ನಡೆಯುವಾಗಲೂ ದಮ್ಮು ಕಟ್ಟುವ ಹೊತ್ತಿಗೆ ಎಷ್ಟೋ ಮಂದಿಯ ಎಫ್‌ಇವಿ1 ಅರ್ಧಕ್ಕೆ ಇಳಿದಿರುತ್ತದೆ. ಎಕ್ಸ್‌ರೇ ಕೂಡ ಇಲ್ಲಿ ನಂಬಿಗಸ್ತ ಸಾಕ್ಷಿಯಲ್ಲ. ಸಿಓಪಿಡಿಯ ಆರಂಭದಲ್ಲಿ ಎದೆಯ ಎಕ್ಸ್‌ರೇ ಏನೂ ತೋರಿಸದೇ ಇರಬಹುದು. ಕೆಮ್ಮು ಎಂದು ಬಂದವರಿಗೆ ಮೂರು ಸಲ ಎಕ್ಸ್‌ರೇ ತೆಗೆಸಿ ಒಮ್ಮೆಯೂ ಊದಿಸದೆ ಕಳಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಹೋಗಲೇಬೇಕು ಎಂಬುದು ಈ ಅಧ್ಯಾಯ ಬರೆಯಲು ನನಗಿರುವ ಮುಖ್ಯ ಕಾರಣ.

ಉಸಿರನ್ನು ಅಳೆಯುವ ಉಪಕರಣಕ್ಕೆ ನಿಜವಾದ ಬಳಕೆ ತಂದುಕೊಟ್ಟವನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಚಿನ್ಸನ್. ನೀರಿನಲ್ಲಿ ಬೋರಲು ಹಾಕಿದ ಒಂದು ಪಾತ್ರೆ, ಅದರ ಭಾರವನ್ನು ಸರಿದೂಗಿಸುವ ತೂಕಗಳು, ಒಂದು ಕೊಳವೆ, ಒಂದು ಅಳತೆಪಟ್ಟಿ. ಕೊಳವೆಯಲ್ಲಿ ಊದಿದರೆ ಪಾತ್ರೆ ಮೇಲೇಳುತ್ತದೆ, ಎಷ್ಟು ಎದ್ದಿತೆಂದು ಪಟ್ಟಿಯಲ್ಲಿ ಓದಿಕೊಳ್ಳುವುದು. 1846ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಅವನು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿದ ಲೆಕ್ಕ ಕೊಟ್ಟ. ಅವರಲ್ಲಿ ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಕುಸ್ತಿಪಟುಗಳು, ದಿಕ್ಕಿಲ್ಲದ ಬಡವರು, ಸಿರಿವಂತರು ಎಲ್ಲರೂ ಇದ್ದರು. ಈ ಗಾಳಿಯ ಪ್ರಮಾಣ ಎತ್ತರಕ್ಕೆ ನೇರವಾಗಿ ಹೊಂದಿಕೊಂಡಿರುವುದು ಅವನಿಗೆ ಕಾಣಿಸಿತು. ಐದು ಅಡಿಯಿಂದ ಆರು ಅಡಿಯವರೆಗೆ ಪ್ರತಿ ಅಂಗುಲ ಎತ್ತರಕ್ಕೂ ಎಂಟು ಘನ ಅಂಗುಲ, ಅಂದರೆ ಸುಮಾರು 130 ಮಿಲಿಲೀಟರ್ ಗಾಳಿ ಹೆಚ್ಚು. ಇಂದಿಗೂ ಪರೀಕ್ಷೆಗೆ ಮುನ್ನ ನಮ್ಮನ್ನು ಗೋಡೆಗೆ ಒರಗಿಸಿ ಎತ್ತರ ಅಳೆಯುವುದರ ಮೂಲ ಇಲ್ಲಿದೆ.

ಹಚಿನ್ಸನ್ ಊದಿಸಿದವರಲ್ಲಿ ಏಳಡಿಯ ಹತ್ತಿರದ ಆಳು, ಅಮೆರಿಕದ ಮುಷ್ಟಿಕಾಳಗದವ ಚಾರ್ಲ್ಸ್ ಫ್ರೀಮನ್ ಒಬ್ಬ. ಎರಡು ವರ್ಷದ ಬಳಿಕ ಅದೇ ಮನುಷ್ಯನನ್ನು ಮತ್ತೆ ಊದಿಸಿದಾಗ ಗಾಳಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿತ್ತು. ಎದೆಗೆ ಕಿವಿಗೊಟ್ಟು ಪರೀಕ್ಷಿಸಿದ ನುರಿತ ವೈದ್ಯರಿಗೆ ಯಾವ ರೋಗವೂ ಸಿಗಲಿಲ್ಲ. ಫ್ರೀಮನ್ 1845ರಲ್ಲಿ ಕ್ಷಯದಿಂದ ತೀರಿಕೊಂಡ. ಹೊರಗಿನ ಲಕ್ಷಣಕ್ಕಿಂತ ಮೊದಲೇ ಅಂಕಿ ಇಳಿಯುತ್ತದೆ ಎನ್ನುವುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಇಷ್ಟು ಹಳೆಯದಾದ, ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ನನಗೆ ತಿಳಿದಿಲ್ಲ.

ಹಚಿನ್ಸನ್ ಅಳೆದದ್ದು ಗಾಳಿಯ ಪ್ರಮಾಣವನ್ನು ಮಾತ್ರ. ಅದಕ್ಕೆ ಗಡಿಯಾರವನ್ನು ಜೋಡಿಸಲು ಒಂದು ಶತಮಾನವೇ ಬೇಕಾಯಿತು. 1947ರಲ್ಲಿ ಪ್ಯಾರಿಸ್ಸಿನ ರಾಬರ್ಟ್ ಟಿಫ್ನೋ, ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಪ್ರತ್ಯೇಕವಾಗಿ ಅಳೆಯಬೇಕೆಂದು ತೋರಿಸಿಕೊಟ್ಟರು. ಯುರೋಪಿನ ಕೆಲವು ಕಡೆ ಒಟ್ಟು ಗಾಳಿಗೆ ಹೋಲಿಸಿದ ಎಫ್‌ಇವಿ1 ಅನುಪಾತವನ್ನು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು. ಪರೀಕ್ಷೆ ನಿಂತಿರುವುದು ರೋಗಿ ಹಾಕುವ ಬಲದ ಮೇಲೆ. ಗರಡಿಯಲ್ಲಿ ಸಾಮು ಮಾಡಿದವನು ಜೋರಾಗಿ ಊದುತ್ತಾನೆ, ಮೈಯಲ್ಲಿ ಕಸುವಿಲ್ಲದ ಅಜ್ಜಿ ಮೆಲ್ಲಗೆ ಊದುತ್ತಾಳೆ. ಹಾಗಿದ್ದರೆ ಅಳೆದದ್ದು ಶ್ವಾಸಕೋಶವನ್ನೋ ಮೈಬಲವನ್ನೋ? ಇದಕ್ಕೆ ಉತ್ತರ ಸಿಕ್ಕಿದ್ದು 1950ರ ದಶಕದ ಕೊನೆಗೆ, ಅಮೆರಿಕದ ರಾಬರ್ಟ್ ಹಯಟ್ ಮತ್ತು ಸಂಗಡಿಗರ ಕೆಲಸದಿಂದ. 1967ರಲ್ಲಿ ಜೆರಿ ಮೀಡ್ ಮತ್ತು ಜೊತೆಗಾರರು ಅದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಉಸಿರಾಟದ ವಿಜ್ಞಾನದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ವಿಚಾರ ಇದು. ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಎಳನೀರು ಕುಡಿಯುವಾಗ ಕಾಗದದ ಸ್ಟ್ರಾ ನೆನೆದು ಮೆತ್ತಗಾದರೆ ಏನಾಗುತ್ತದೆ? ಜೋರಾಗಿ ಹೀರಿದಷ್ಟೂ ಅದರ ಗೋಡೆಗಳು ಒಳಕ್ಕೆ ಅಂಟಿಕೊಳ್ಳುತ್ತವೆ, ಬಲ ಹೆಚ್ಚಿದರೂ ಬರುವ ನೀರು ಹೆಚ್ಚುವುದಿಲ್ಲ. ಊದುವಾಗ ಎದೆಯೊಳಗೆ ನಡೆಯುವುದೂ ಇದೇ. ನಾವು ಎದೆಯನ್ನು ಒತ್ತಿದಾಗ ಆ ಒತ್ತಡ ಗಾಳಿಗೂಡುಗಳ ಮೇಲೆ ಬೀಳುತ್ತದೆ, ಜೊತೆಗೆ ಎದೆಯೊಳಗಿನ ಕೊಳವೆಗಳ ಹೊರಮೈ ಮೇಲೂ ಬೀಳುತ್ತದೆ. ಗಾಳಿಗೂಡಿನಲ್ಲಿ ಹೊರಗಿನ ಒತ್ತಡದ ಜೊತೆಗೆ ಶ್ವಾಸಕೋಶದ ಸ್ವಂತ ಎಳೆತವೂ ಸೇರಿರುವುದರಿಂದ ಅಲ್ಲಿ ಒಳಗಿನ ಒತ್ತಡವೇ ಹೆಚ್ಚು. ಗಾಳಿ ಬಾಯಿಯ ಕಡೆಗೆ ಸಾಗುತ್ತ ಸಾಗುತ್ತ ಒತ್ತಡ ಕಳೆದುಕೊಳ್ಳುತ್ತದೆ. ದಾರಿಯಲ್ಲಿ ಒಂದು ಕಡೆ ಒಳಗಿನದೂ ಹೊರಗಿನದೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಹೊರಗಿನ ಒತ್ತಡದ್ದೇ ಮೇಲುಗೈಯಾಗಿ ಕೊಳವೆ ಅಮುಕಿಕೊಳ್ಳುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಎರಡೂ ಕಡೆಯ ಒತ್ತಡ ಒಟ್ಟಿಗೇ ಏರುತ್ತದೆ, ಲಾಭವೇನೂ ಆಗದು. ಹೀಗಾಗಿ ಊದುವಿಕೆಯ ಮೊದಲ ಚೂರು ಕಳೆದ ಮೇಲೆ ಗಾಳಿಯ ವೇಗವನ್ನು ತೀರ್ಮಾನಿಸುವುದು ಶ್ವಾಸಕೋಶದ ಎಳೆತ ಮತ್ತು ಕೊಳವೆಗಳ ಅಗಲ. ಒಂದು ಮಟ್ಟದ ಬಲ ಹಾಕಿದರೆ ಸಾಕು, ಪೈಲ್ವಾನನಿಗೂ ಅಜ್ಜಿಗೂ ಅವರವರ ಶ್ವಾಸಕೋಶದ ಮಿತಿಯೇ ಅಂಕಿಯಾಗಿ ಬರುತ್ತದೆ. ಅದೇ ವ್ಯಕ್ತಿ ಮತ್ತೆ ಮತ್ತೆ ಊದಿದರೂ ಅಂಕಿ ಹೆಚ್ಚು ಹೊಯ್ದಾಡದೇ ಇರುವುದು ಇದರಿಂದಲೇ.

ರೋಗದ ವಿವರಣೆಯೂ ಇದರಲ್ಲೇ ಇದೆ. ಗಾಳಿಗೂಡುಗಳ ಗೋಡೆ ಹರಿದುಹೋಗುವ ಎಂಫಿಸಿಮಾದಲ್ಲಿ ಶ್ವಾಸಕೋಶ ತನ್ನ ಎಳೆತವನ್ನೇ ಕಳೆದುಕೊಳ್ಳುತ್ತದೆ. ಉಬ್ಬಸದಲ್ಲಿ ಎಳೆತ ಸರಿಯಾಗಿದ್ದರೂ ಕೊಳವೆ ಬಿಗಿದುಕೊಂಡು ಊದಿಕೊಂಡಿರುತ್ತದೆ. ಕಾರಣ ಬೇರೆಯಾದರೂ ಎರಡರಲ್ಲೂ ಮೊದಲ ಸೆಕೆಂಡಿನ ಗಾಳಿ ಕಡಿಮೆಯಾಗುತ್ತದೆ. ಹಳೆಯ ದಮ್ಮಿನ ರೋಗಿಗಳು ತುಟಿಯನ್ನು ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ನೋಡಿರುತ್ತೀರಿ. ಯಾರೂ ಹೇಳಿಕೊಡದಿದ್ದರೂ ಅವರು ಕಂಡುಕೊಂಡ ಉಪಾಯ ಅದು. ಬಾಯಲ್ಲಿ ತಡೆ ಒಡ್ಡಿದಾಗ ಕೊಳವೆಯೊಳಗಿನ ಒತ್ತಡ ಉಳಿದುಕೊಳ್ಳುತ್ತದೆ, ಅದು ಅಮುಕಿಕೊಳ್ಳುವುದು ತಡವಾಗುತ್ತದೆ.

ಈಗ ಪರೀಕ್ಷೆಯ ಕೋಣೆಗೆ ಬನ್ನಿ. ಮೈಸೂರು ಸೀಮೆಯ ಹಳ್ಳಿಯೊಂದರ 52 ವರ್ಷದ ಹೆಣ್ಣುಮಗಳು ಎಂದಿಟ್ಟುಕೊಳ್ಳೋಣ, ಎತ್ತರ 150 ಸೆಂಟಿಮೀಟರ್. ಬೀಡಿ ಸಿಗರೇಟು ಮುಟ್ಟಿದವರಲ್ಲ. ಚಳಿಗಾಲ ಬಂತೆಂದರೆ ಕೆಮ್ಮು, ಕಫ. ಟೆಕ್ನಿಷಿಯನ್ ಮೂಗಿಗೆ ಕ್ಲಿಪ್ ಹಾಕಿ ಕೈಗೆ ರಟ್ಟಿನ ಕೊಳವೆ ಕೊಡುತ್ತಾಳೆ. "ಅಮ್ಮಾ, ಹಲ್ಲಿನ ಮಧ್ಯ ಇಟ್ಕೊಂಡು ತುಟಿ ಬಿಗಿಯಾಗಿ ಮುಚ್ಕೊಳ್ಳಿ, ಗಾಳಿ ಪಕ್ಕದಿಂದ ಹೋಗ್ಬಾರ್ದು. ನಾಲಿಗೆ ಅಡ್ಡ ಬರ್ಬಾರ್ದು. ಈಗ ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ, ಇನ್ನೂ... ಊದಿ! ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಇದೆ, ಇನ್ನೂ ಇದೆ!" ಆಯಮ್ಮನ ಕಣ್ಣಲ್ಲಿ ನೀರು ಬರುತ್ತದೆ, ಸೊಂಟ ತಾನಾಗಿ ಮುಂದಕ್ಕೆ ಬಾಗುತ್ತದೆ. ಮೊದಲ ಸಲ ಮೂರನೇ ಸೆಕೆಂಡಿಗೇ ನಿಲ್ಲಿಸಿಬಿಡುತ್ತಾರೆ. ಆ ಯತ್ನವನ್ನು ಲೆಕ್ಕಕ್ಕೆ ಹಿಡಿಯಬಾರದು. ಬೇಗ ನಿಲ್ಲಿಸಿದರೆ ಒಟ್ಟು ಗಾಳಿ ಇರುವುದಕ್ಕಿಂತ ಕಡಿಮೆ ಎಂದು ದಾಖಲಾಗುತ್ತದೆ, ಅನುಪಾತ ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ, ಇರುವ ತಡೆ ಮುಚ್ಚಿಹೋಗುತ್ತದೆ. ಪೂರ್ತಿ ಎಳೆದುಕೊಳ್ಳದೆ ಊದಿದರೆ ಇನ್ನೊಂದು ತಪ್ಪು, ಇಲ್ಲದ ಕುಗ್ಗಿದ ಶ್ವಾಸಕೋಶ ರಿಪೋರ್ಟಿನಲ್ಲಿ ಹುಟ್ಟಿಕೊಳ್ಳುತ್ತದೆ. ಕನಿಷ್ಠ ಮೂರು ಸರಿಯಾದ ಊದುವಿಕೆ ಸಿಗಬೇಕು, ಅವುಗಳಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ದೊಡ್ಡವರಿಗೆ ಎಂಟು ಸಲದವರೆಗೆ ಅವಕಾಶ ಕೊಡುತ್ತಾರೆ. ಯಂತ್ರವನ್ನೂ 3 ಲೀಟರಿನ ದೊಡ್ಡ ಸಿರಿಂಜಿನಿಂದ ದಿನವೂ ಪರಿಶೀಲಿಸಬೇಕು. ಈ ಪರೀಕ್ಷೆಯ ಗುಣಮಟ್ಟ ಯಂತ್ರದ ಬೆಲೆಗಿಂತ ಹೆಚ್ಚಾಗಿ ಊದಿಸುವವರ ಸಹನೆಯ ಮೇಲೆ ನಿಂತಿದೆ. ಆ ಸಹನೆಗೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಮನ್ನಣೆ ತೀರಾ ಕಡಿಮೆ.

ಈ ಹೆಣ್ಣುಮಗಳ ಒಟ್ಟು ಗಾಳಿ 2 ಲೀಟರ್, ಮೊದಲ ಸೆಕೆಂಡಿನದು 1.1 ಲೀಟರ್ ಬಂತು ಎನ್ನಿ. ಅನುಪಾತ 0.55. ತಡೆ ಇದೆ. ಈಗ ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಪಂಪು ಹೊಡೆಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ಎಫ್‌ಇವಿ1 ಈಗ 1.5 ಲೀಟರಿಗೆ ಜಿಗಿದರೆ ಕೊಳವೆಗಳ ಬಿಗಿತ ಬಿಡುವಂಥದ್ದು, ಉಬ್ಬಸದ ಕಡೆ ಬೆರಳು ತೋರಿಸುತ್ತದೆ. ಬರಿಯ 1.18ಕ್ಕೆ ಏರಿ ಅನುಪಾತ 0.7ಕ್ಕಿಂತ ಕೆಳಗೇ ಉಳಿದರೆ ಸಿಓಪಿಡಿ ಎಂದು ಹೇಳಲು ಆಧಾರ ಸಿಗುತ್ತದೆ. ಒಟ್ಟು ಗಾಳಿಯೇ ತುಂಬ ಕಡಿಮೆಯಾಗಿ ಅನುಪಾತ ಮಾತ್ರ ಚೆನ್ನಾಗಿದ್ದರೆ ಅದು ಮೂರನೆಯ ದಾರಿ. ಶ್ವಾಸಕೋಶ ನಾರುಗಟ್ಟಿರಬಹುದು, ಎದೆಗೂಡು ಬಾಗಿರಬಹುದು, ಉಸಿರಾಟದ ಸ್ನಾಯುಗಳು ಸೋತಿರಬಹುದು. ಅದನ್ನು ಖಚಿತಪಡಿಸಲು ಸ್ಪೈರೋಮೆಟ್ರಿ ಒಂದೇ ಸಾಲದು. ಪೂರ್ತಿ ಊದಿದ ಮೇಲೂ ಎದೆಯೊಳಗೆ ಒಂದು ಲೀಟರಿಗಿಂತ ಹೆಚ್ಚು ಗಾಳಿ ಉಳಿದೇ ಇರುತ್ತದೆ, ಊದಿ ಅಳೆಯುವ ಯಂತ್ರಕ್ಕೆ ಅದು ಸಿಗದು. ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ಬಾಯ್ಲ್‌ನ ನಿಯಮದ ಸಹಾಯದಿಂದ ಅದನ್ನು ಅಳೆಯುವ ವಿಧಾನವನ್ನು 1956ರಲ್ಲಿ ಆರ್ಥರ್ ಡುಬೋಯ್ಸ್ ಮತ್ತು ಸಂಗಡಿಗರು ರೂಪಿಸಿದರು. ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆಂದು ನೋಡಲು ಅತ್ಯಲ್ಪ ಕಾರ್ಬನ್ ಮೊನಾಕ್ಸೈಡ್ ಬೆರೆತ ಗಾಳಿಯನ್ನು ಎಳೆದು ಹತ್ತು ಸೆಕೆಂಡು ಹಿಡಿದಿಡಿಸುವ ಡಿಎಲ್‌ಸಿಓ ಪರೀಕ್ಷೆ ಬೇರೆ ಇದೆ. ಅದರ ಬೇರು ಡೆನ್ಮಾರ್ಕಿನ ಮರೀ ಕ್ರೋಗ್ 1915ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಕೋವಿಡ್ ತೀವ್ರವಾಗಿ ಬಂದು ಹೋದ ಅನೇಕರಲ್ಲಿ ತಿಂಗಳುಗಳ ಕಾಲ ಕಡಿಮೆ ಇದ್ದದ್ದು ಈ ಅಂಕಿ.

ಬೀಡಿ ಮುಟ್ಟದವರನ್ನು ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಓಪಿಡಿ ಇತ್ತು. ಜಗತ್ತಿನ ಜನಸಂಖ್ಯೆಯಲ್ಲಿ ಆಗ ನಮ್ಮ ಪಾಲು ಶೇ. 18, ದೀರ್ಘಕಾಲದ ಶ್ವಾಸಕೋಶ ರೋಗಗಳ ಹೊರೆಯಲ್ಲಿ ಶೇ. 32. ಇವರಲ್ಲಿ ಎಲ್ಲರೂ ಹೊಗೆಬತ್ತಿ ಸೇದಿದವರೇನಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಸೌದೆ, ಬೆರಣಿಯ ಒಲೆ ಉರಿಸುವ ಹೆಂಗಸರನ್ನು ಅಧ್ಯಯನ ಮಾಡಿದ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ತಲುಪಿತೆಂದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಗುರುತಿಸುವಷ್ಟು ಹೆಚ್ಚುತ್ತದೆ. ಹದಿನೆಂಟಕ್ಕೆ ಮದುವೆಯಾಗಿ ದಿನಕ್ಕೆ ಮೂರು ಗಂಟೆ ಒಲೆ ಊದಿದವಳು ನಲವತ್ತು ತುಂಬುವ ಮೊದಲೇ ಆ ಗೆರೆ ದಾಟುತ್ತಾಳೆ. ಆಸ್ಪತ್ರೆಯ ಚೀಟಿಯಲ್ಲಿ "ಧೂಮಪಾನ: ಇಲ್ಲ" ಎಂದು ಬರೆದ ಕೂಡಲೇ ಸಿಓಪಿಡಿಯ ಯೋಚನೆ ಕೈಬಿಡುವ ಪದ್ಧತಿಯಿಂದ ಈ ಹೆಂಗಸರು ಅಳತೆಗೇ ಸಿಗದೆ ಹೋಗುತ್ತಾರೆ. ಅಡುಗೆಮನೆಯ ಲೆಕ್ಕವನ್ನೂ ಕೇಳಬೇಕು. ಹಾಗೆಯೇ ದುಡಿಮೆಯ ಲೆಕ್ಕವನ್ನೂ. ಭಾರತದಲ್ಲಿ ಕಲ್ಲಿನ ಧೂಳಿನ ರೋಗವಾದ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ. ಕಲ್ಲು ಒಡೆಯುವ, ಕೊರೆಯುವ ಕಡೆಗಳಲ್ಲಿ ಅದು ಇಂದಿಗೂ ಜೀವ ತೆಗೆಯುತ್ತಿದೆ. ಕ್ಷಯ ವಾಸಿಯಾದ ಮೇಲೆ ಉಳಿಯುವ ಉಸಿರಿನ ಕುಂದನ್ನೂ ಇದೇ ಪರೀಕ್ಷೆ ಹೇಳುತ್ತದೆ, ಮಾತ್ರೆ ಮುಗಿದ ದಿನ ಯಾರೂ ಊದಿಸುವುದಿಲ್ಲ ಅಷ್ಟೆ.

ದಮ್ಮಿನ ಕಾಯಿಲೆಗಳಾಚೆಗೂ ಈ ಊದುವಿಕೆಗೆ ಕೆಲಸವಿದೆ. ಗಿಯಾನ್ ಬಾರೆ ಎಂಬ ನರದ ರೋಗದಲ್ಲಿ ಕಾಲಿನಿಂದ ಶುರುವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಉಸಿರಾಟದ ಸ್ನಾಯುಗಳಿಗೆ ಏರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊನೆಯ ಹಂತದವರೆಗೂ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಗಂಟೆಗಂಟೆಗೆ ಊದಿಸಿ ನೋಡಿದರೆ ಮಾತ್ರ ಇಳಿತ ಗೊತ್ತಾಗುತ್ತದೆ. ಕಿಲೋ ತೂಕಕ್ಕೆ 20 ಮಿಲಿಲೀಟರಿಗಿಂತ ಕೆಳಗೆ, ಅಂದರೆ 60 ಕಿಲೋ ಮನುಷ್ಯನಿಗೆ 1.2 ಲೀಟರಿಗಿಂತ ಕೆಳಗೆ ಹೋದರೆ ಐಸಿಯುಗೆ ಸಾಗಿಸಿ ಕೃತಕ ಉಸಿರಾಟಕ್ಕೆ ಸಿದ್ಧವಾಗಬೇಕು. ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಭಾಗ ಕತ್ತರಿಸಿ ತೆಗೆಯುವ ಮುನ್ನ, ಉಳಿದ ಭಾಗದಿಂದ ಈ ಮನುಷ್ಯ ಬದುಕಬಲ್ಲನೇ ಎಂಬ ಲೆಕ್ಕವನ್ನು ಎಫ್‌ಇವಿ1 ಮತ್ತು ಡಿಎಲ್‌ಸಿಓ ಇಟ್ಟುಕೊಂಡೇ ಹಾಕುವುದು. ವೇಗ ಮತ್ತು ಪ್ರಮಾಣವನ್ನು ಜೊತೆಗಿಟ್ಟು ಬರೆಯುವ ಕುಣಿಕೆಯಂಥ ನಕ್ಷೆಯಲ್ಲಿ ಎಳೆಯುವ ಭಾಗವೂ ಬಿಡುವ ಭಾಗವೂ ತಲೆ ಸವರಿದಂತೆ ಚಪ್ಪಟೆಯಾಗಿದ್ದರೆ, ಉಬ್ಬಸ ಎಂದು ವರ್ಷಗಟ್ಟಲೆ ಪಂಪು ಹೊಡೆದುಕೊಂಡವರ ರೋಗ ಶ್ವಾಸನಾಳದ ಮೇಲ್ಭಾಗದಲ್ಲೇ ಎಲ್ಲೋ ಇರಬಹುದು. ಹಿಂದೊಮ್ಮೆ ವೆಂಟಿಲೇಟರ್ ಕೊಳವೆ ಹಾಕಿದ್ದರಿಂದ ನಾಳ ಕಿರಿದಾದವರಲ್ಲಿ ಇಂಥ ನಕ್ಷೆ ಬರುತ್ತದೆ. ಉಬ್ಬಸದವರಿಗೆ ಮನೆಯಲ್ಲೇ ಇಟ್ಟುಕೊಳ್ಳಲು ಮಾರ್ಟಿನ್ ರೈಟ್ 1959ರಲ್ಲಿ ಪರಿಚಯಿಸಿದ ಪೀಕ್ ಫ್ಲೋ ಮೀಟರಿನ ಪ್ಲಾಸ್ಟಿಕ್ ರೂಪ ಇದೆ. ಬೆಳಗಿನ ಜಾವದ ಅಂಕಿ ಸಂಜೆಯದಕ್ಕಿಂತ ದಿನದಿನಕ್ಕೂ ಇಳಿಯುತ್ತಿದ್ದರೆ ರೋಗ ಹತೋಟಿ ತಪ್ಪುತ್ತಿದೆ ಎಂದು ವೈದ್ಯರಿಗೆ ಫೋನು ಮಾಡಬಹುದು.

ರಿಪೋರ್ಟಿನಲ್ಲಿ ನಮ್ಮ ಅಂಕಿಯ ಪಕ್ಕ "ಶೇಕಡಾ ಇಷ್ಟು" ಎಂದು ಬರೆದಿರುತ್ತದಲ್ಲ, ಅದು ಯಾರ ಶೇಕಡಾ? ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದನ್ನು ನೋಡಿ, ಆರೋಗ್ಯವಂತರೆಂದು ಆರಿಸಿದ ಒಂದು ಗುಂಪಿನೊಂದಿಗೆ ಯಂತ್ರ ಹೋಲಿಸಿರುತ್ತದೆ. ಆ ಗುಂಪಿನ ಇತಿಹಾಸದಲ್ಲಿ ಕೊಳಕು ಅಧ್ಯಾಯವೊಂದಿದೆ. 1851ರ ಸುಮಾರಿಗೆ ಅಮೆರಿಕದ ಗುಲಾಮಗಿರಿಯ ಸಮರ್ಥಕ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಕಪ್ಪು ಜನರ ಶ್ವಾಸಕೋಶಕ್ಕೆ ಹುಟ್ಟಿನಿಂದಲೇ ಶಕ್ತಿ ಕಡಿಮೆ, ದುಡಿತವೇ ಅವರಿಗೆ ಮದ್ದು ಎಂದು ಇದೇ ಉಪಕರಣದ ಹೆಸರಿನಲ್ಲಿ ವಾದಿಸಿದ. ನೆಲೆಯಿಲ್ಲದ ಆ ಮಾತಿನ ಬಾಲ ಯಂತ್ರಗಳೊಳಗೆ ಒಂದೂವರೆ ಶತಮಾನ ಉಳಿಯಿತು. ಬಣ್ಣ, ಜನಾಂಗ ನೋಡಿ ನಿರೀಕ್ಷಿತ ಅಂಕಿಯನ್ನು ಇಳಿಸುವ ಗುಂಡಿಗಳು ಬಂದವು. 1999ರಲ್ಲಿ ಬಾಲ್ಟಿಮೋರಿನ ನ್ಯಾಯಾಲಯದಲ್ಲಿ ಕಲ್ನಾರಿನ ಧೂಳಿಗೆ ಪರಿಹಾರ ಕೇಳಿದ ಕಾರ್ಮಿಕರ ವಿಷಯದಲ್ಲಿ, ಕಪ್ಪು ಕಾರ್ಮಿಕರಿಗೆ ಅರ್ಹತೆಯ ಮಟ್ಟವನ್ನು ಇನ್ನಷ್ಟು ಕಠಿಣ ಮಾಡಬೇಕೆಂದು ಕಂಪನಿಯೊಂದು ವಾದಿಸಿತ್ತು. ಇಂಥ ಜನಾಂಗವಾರು ಅಂಕಿಗಳನ್ನು ಕೈಬಿಡಿ ಎಂದು ಅಮೆರಿಕದ ಶ್ವಾಸರೋಗ ತಜ್ಞರ ಸಂಘ ಸಲಹೆ ಕೊಟ್ಟಿದ್ದು 2023ರಲ್ಲಿ.

ನಮಗೂ ಇದರಲ್ಲಿ ಪಾಲಿದೆ. 2012ರಲ್ಲಿ ಹಲವು ದೇಶಗಳ ದತ್ತಾಂಶ ಸೇರಿಸಿ ಮಾಡಿದ, ನಿರೀಕ್ಷಿತ ಅಂಕಿ ಹೇಳುವ ಜಾಗತಿಕ ಸಮೀಕರಣಗಳಲ್ಲಿ ಭಾರತ ಉಪಖಂಡಕ್ಕೆ ಪ್ರತ್ಯೇಕ ಗುಂಪೇ ಇರಲಿಲ್ಲ. ಪಾಶ್ಚಾತ್ಯರ ಅಂಕಿಯಿಂದ ಒಂದಷ್ಟು ಶೇಕಡಾ ಕಡಿತ ಮಾಡಿ ಭಾರತೀಯರಿಗೆ ಅನ್ವಯಿಸುವ ರೂಢಿ ಇಲ್ಲಿ ನಡೆದುಬಂತು. ಅದೇ ಎತ್ತರದ ಯುರೋಪಿನವರಿಗಿಂತ ಭಾರತೀಯರ ಅಂಕಿ ಸರಾಸರಿಯಲ್ಲಿ ಕಡಿಮೆ ಎಂಬುದು ನಿಜ. ಆದರೆ ಅದರಲ್ಲಿ ಮೈಕಟ್ಟಿನ ಪಾಲೆಷ್ಟು, ಕಡಿಮೆ ತೂಕದ ಹುಟ್ಟು, ಬಾಲ್ಯದ ಅರೆಹೊಟ್ಟೆ, ಒಲೆಯ ಹೊಗೆ, ಮರುಕಳಿಸಿದ ನ್ಯುಮೋನಿಯಾಗಳ ಪಾಲೆಷ್ಟು? ಕಡಿತವನ್ನು ಕಣ್ಣುಮುಚ್ಚಿ ಒಪ್ಪಿಕೊಂಡರೆ ಬಡತನ ಮಾಡಿದ ಗಾಯವನ್ನೇ ಸಹಜ ಎಂದು ಮುದ್ರೆಯೊತ್ತಿದಂತೆ ಆಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಡಿತವೇ ಬೇಡವೆಂದರೆ ಆರೋಗ್ಯವಾಗಿರುವ ಎಷ್ಟೋ ಜನರಿಗೆ ರೋಗದ ಪಟ್ಟಿ ಅಂಟಿ, ಸೈನ್ಯದ ಕೆಲಸವೋ ಕಾರ್ಖಾನೆಯ ಕೆಲಸವೋ ತಪ್ಪಬಹುದು. ಎರಡೂ ಕಡೆ ಬೆಲೆ ತೆರುವವರಿದ್ದಾರೆ.

ಬಾಲ್ಯದ ಮಾತಿಗೆ ಆಧಾರವಿದೆ. ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಊದಿಸಿ ನೋಡಿದ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ, ಎಫ್‌ಇವಿ1 ಎಲ್ಲರಲ್ಲೂ ವಯಸ್ಸಿನೊಂದಿಗೆ ನಿಧಾನವಾಗಿ ಇಳಿಯುತ್ತದೆ, ಸಿಗರೇಟು ಕೆಲವರಲ್ಲಿ ಆ ಇಳಿತವನ್ನು ಕಡಿದಾಗಿಸುತ್ತದೆ ಎಂದು 1977ರಲ್ಲಿ ತೋರಿಸಿದ್ದರು. ಬಿಟ್ಟರೆ ಕಳೆದದ್ದು ಮರಳಿ ಬಾರದು, ಆದರೆ ಇಳಿತ ಮತ್ತೆ ಸಹಜ ವೇಗಕ್ಕೆ ಬರುತ್ತದೆ. ಸಿಗರೇಟು ಬಿಡಲು ಯಾವ ವಯಸ್ಸೂ ತಡವಲ್ಲ ಎಂದು ವೈದ್ಯರು ಹೇಳುವುದರ ಹಿಂದೆ ಈ ಗೆರೆಗಳಿವೆ. 2015ರಲ್ಲಿ ಪೀಟರ್ ಲಾಂಗೆ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಮುಖ ಸೇರಿಸಿದರು. ಸಿಓಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಇಳಿತ ಕಡಿದಾಗಿರಲೇ ಇಲ್ಲ. ಯೌವನದಲ್ಲಿ ಅವರ ಎಫ್‌ಇವಿ1 ಮುಟ್ಟಬೇಕಿದ್ದ ಎತ್ತರವನ್ನೇ ಮುಟ್ಟಿರಲಿಲ್ಲ. ಈ ಲೆಕ್ಕದಲ್ಲಿ, ಇಪ್ಪತ್ತೈದರ ಸುಮಾರಿಗೆ ಒಮ್ಮೆ ಊದಿ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ರಕ್ತದೊತ್ತಡ ನೋಡಿಸಿಕೊಂಡಷ್ಟೇ ಮಾಮೂಲಿ ಕೆಲಸವಾಗಬೇಕು.

ಪರೀಕ್ಷೆಗೆ ಹೋಗುವವರಿಗೆ ಕೆಲವು ಮಾತು. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ, ಕ್ಷಯದ ಅನುಮಾನವಿದ್ದರೆ ಮೊದಲೇ ಹೇಳಿ, ಪರೀಕ್ಷೆಯನ್ನು ಮುಂದೂಡುತ್ತಾರೆ. ಹೊಟ್ಟೆ ಬಿರಿಯ ಊಟ ಮಾಡಿ ಹೋಗಬೇಡಿ, ಬಿಗಿಯಾದ ಉಡುಪು ಬೇಡ. ರೋಗವನ್ನು ಮೊದಲ ಸಲ ಪತ್ತೆ ಮಾಡುವುದಿದ್ದರೆ ಯಾವ ಪಂಪನ್ನು ಎಷ್ಟು ಗಂಟೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ರಿಪೋರ್ಟು ಕೈಗೆ ಬಂದಾಗ ಕಡೆಯ ಸಾಲಿನ ತೀರ್ಮಾನ ಓದಿ ಸುಮ್ಮನಾಗಬೇಡಿ. ಎಷ್ಟು ಊದುವಿಕೆ ಸರಿಯಾಗಿ ಬಂದಿವೆ, ಹೋಲಿಕೆಗೆ ಯಾವ ಸಮೀಕರಣ ಬಳಸಿದ್ದಾರೆ ಎಂದು ವಿಚಾರಿಸಿ. ಹಳೆಯ ರಿಪೋರ್ಟುಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಸಮೀಕರಣದ ಜಗಳ ಏನೇ ಇರಲಿ, ಹೋದ ವರ್ಷದ ನಿಮ್ಮದೇ ಎಫ್‌ಇವಿ1ಗಿಂತ ಈ ವರ್ಷದ್ದು ಶೇ. 15ಕ್ಕೂ ಹೆಚ್ಚು ಇಳಿದಿದ್ದರೆ ಅದು ಅಳತೆಯ ಹೊಯ್ದಾಟ ಎಂದು ತಳ್ಳಿಹಾಕುವಂಥದ್ದಲ್ಲ, ಶೇಕಡಾವಾರು ಇನ್ನೂ "ನಾರ್ಮಲ್" ಎಂದೇ ತೋರಿಸುತ್ತಿದ್ದರೂ ವೈದ್ಯರು ಕಾರಣ ಹುಡುಕಬೇಕು.